ಒಳಬಾಗಿಲುಗಳು

ಭದ್ರವಾದ ಗಣಕಜಾಲವನ್ನು ಕಟ್ಟುವ ವಿದ್ಯೆಯನ್ನು ತರುಣ ಎಂಜಿನಿಯರುಗಳಿಗೆ ಕಲಿಸುವುದು ನನ್ನ ವೃತ್ತಿ. ಮೊದಲನೆಯ ದಿನ ಅವರ ಕೈಗೆ ಬಿಳಿಯ ಹಾಳೆಯೊಂದನ್ನು ಕೊಟ್ಟು, ಆಸ್ಪತ್ರೆಯೊಂದರ ಜಾಲದ ನಕ್ಷೆಯನ್ನು ಬರೆಯಿರಿ ಎನ್ನುತ್ತೇನೆ. ಬಹುಮಂದಿ, ಹೊರಗಿನಿಂದ ಬರುವುದನ್ನು ತಡೆದು ನೋಡುವ ಫೈರ್‌ವಾಲ್ ಒಂದನ್ನು ಅಂಚಿನಲ್ಲಿ ನಿಲ್ಲಿಸಿ, ಒಳಗಿನ ಯಂತ್ರಗಳನ್ನೆಲ್ಲ ಒಂದೇ ಗೆರೆಗೆ ಪೋಣಿಸಿಬಿಡುತ್ತಾರೆ. ಹೆಬ್ಬಾಗಿಲಿಗೆ ಭಾರಿ ಅಗುಳಿ. ನಡುಮನೆಗಾಗಲಿ ಕಣಜಕ್ಕಾಗಲಿ ಕದವೇ ಇಲ್ಲ!

ನಾನು ನಗುವುದಿಲ್ಲ. ನಾನು ಕಟ್ಟಿದ ಮೊದಲ ಜಾಲವೂ ಅಂಥದೇ. ಒಂದು ಬೆಳಿಗ್ಗೆ ಗುಮಾಸ್ತರೊಬ್ಬರು ಅಪರಿಚಿತ ಇ-ಮೇಲ್‌ನೊಡನೆ ಬಂದ ಕಡತವನ್ನು ತೆರೆದರು. ಸಂಜೆಯೊಳಗೆ ಸಂಬಳದ ಲೆಕ್ಕವಿದ್ದ ಯಂತ್ರವೂ ಕೆಟ್ಟು ನಿಂತಿತು. ಎಲ್ಲರೂ ಆ ಗುಮಾಸ್ತರನ್ನು ದೂರಿದರು. ಲೆಕ್ಕಪತ್ರದ ವಿಭಾಗವನ್ನು ಪ್ರತ್ಯೇಕಿಸಿ, ಅಗತ್ಯವಿದ್ದವರಿಗಷ್ಟೇ ಪ್ರವೇಶ ಕೊಟ್ಟಿದ್ದರೆ ಕೇಡು ಅವರ ಮೇಜಿನಲ್ಲೇ ನಿಲ್ಲುತ್ತಿತ್ತು. ತಪ್ಪು ನನ್ನ ನಕ್ಷೆಯದು. ಅದನ್ನು ಹೇಳುವ ಧೈರ್ಯ ಅಂದು ನನಗಿರಲಿಲ್ಲ.

ಆದುದರಿಂದ ಎರಡನೆಯ ದಿನ 1988ರ ನವೆಂಬರ್ 2ರ ಕಥೆಯನ್ನು ಹೇಳುತ್ತೇನೆ. ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಅಂದು ಬಿಟ್ಟ ಪುಟ್ಟ ಪ್ರೋಗ್ರಾಂ ಸಾವಿರಾರು ಗಣಕಗಳಿಗೆ ಹಬ್ಬಿತು. ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳು ಅದಕ್ಕೆ ನೆರವಾದುವು. ನೆರೆಯ ಯಂತ್ರವನ್ನು ಕುರುಡಾಗಿ ನಂಬಿದ ಯಂತ್ರಗಳಂತೂ ಪಾಸ್‌ವರ್ಡನ್ನು ಸಹ ಕೇಳದೆ ದಾರಿಬಿಟ್ಟುವು. ಬಳಿಕ ಹಾಳೆಗಳನ್ನು ಹಿಂದಿರುಗಿಸಿ, ಕಳ್ಳನು ಹೇಗೆ ಬಂದನೆಂಬುದು ಹಾಗಿರಲಿ, ಬಂದವನು ಎಷ್ಟು ದೂರ ನಡೆದಾನು ಎಂದು ಕೇಳುತ್ತೇನೆ.

ಕಳೆದ ಸಲ ತರುಣಿಯೊಬ್ಬಳು ತನ್ನ ನಕ್ಷೆಯನ್ನು ಬಹಳ ಹೊತ್ತು ನೋಡುತ್ತಿದ್ದು, "ಸರ್, ಚೀಟಿ ಬರೆಯುವ ಕೌಂಟರಿನ ಗಣಕಕ್ಕೂ ಎಕ್ಸ್‌ರೇ ಯಂತ್ರಕ್ಕೂ ನೇರ ಸಂಪರ್ಕವೇಕೆ?" ಎಂದಳು, ಉತ್ತರಕ್ಕೆ ಕಾಯದೆ ರಬ್ಬರನ್ನು ಕೈಗೆತ್ತಿಕೊಂಡಳು.