ಒಂದು ಚೆಂಡು, ಒಂದು ರೈಲು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ. ಮೈಸೂರು ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ರೈಲು ಕಂಡಿದ್ದು ಕೆ.ಆರ್. ನಗರ ಮಾತ್ರ. ಉಳಿದ ಮೂರೂರಿಗೆ ಬಸ್ಸೇ ಗತಿ. ಕುಶಾಲನಗರ ರೈಲುಮಾರ್ಗದ ಮಾತು ಕೇಳಿ ಕೇಳಿ ಹುಣಸೂರಿನವರಿಗೆ ಸಾಕಾಗಿದೆ. ಹಾಗಾಗಿ ಮೈಸೂರು–ಹಾಸನ ಮಾರ್ಗದ ಮೀಟರ್ ಗೇಜ್ ಗಾಡಿಯ ನೆನಪು ಕೆ.ಆರ್. ನಗರದವರ ಆಸ್ತಿಯೆಂದೇ ಹೇಳಬೇಕು.

ಅಲ್ಲಿನ ಹಳಬರಿಗೆ ಎಂಜಿನ್ನಿಗಿಂತ ಚೆನ್ನಾಗಿ ನೆನಪಿರುವುದು ಬೆತ್ತದ ಬಳೆ. ಅದಕ್ಕೊಂದು ಚೀಲ, ಚೀಲದೊಳಗೆ ಉಕ್ಕಿನ ಚೆಂಡು. ನಿಲ್ಲದೆ ಹೋಗುವ ಗಾಡಿಯಾದರೆ ಪಾಯಿಂಟ್ಸ್‌ಮನ್ ಹಳಿಯ ಪಕ್ಕ ಬಳೆ ಎತ್ತಿ ಹಿಡಿಯುತ್ತಿದ್ದ, ಎಂಜಿನ್ನಿನಲ್ಲಿದ್ದವರು ತೋಳು ಚಾಚಿ ಅದರೊಳಗೆ ತೂರಿಸಿ ಕಸಿದುಕೊಳ್ಳುತ್ತಿದ್ದರು. ಹಿಂದಿನ ನಿಲ್ದಾಣದ ಬಳೆ ಕೆಳಕ್ಕೆ ಬೀಳುತ್ತಿತ್ತು. ಕಾಲೇಜಿಗೆಂದು ಮೈಸೂರಿಗೆ ಓಡಾಡುತ್ತಿದ್ದ ಹುಡುಗರಿಗೆ ಇದು ಪುಕ್ಕಟೆ ಸರ್ಕಸ್ಸು.

ಸರ್ಕಸ್ಸಿನ ಹಿಂದೆ ಕಟ್ಟುನಿಟ್ಟಾದ ಲೆಕ್ಕವಿತ್ತು. ಎರಡು ನಿಲ್ದಾಣಗಳ ನಡುವೆ ಇದ್ದುದು ಒಂದೇ ಹಳಿ, ಚೆಂಡು ಕೈಯಲ್ಲಿದ್ದ ಗಾಡಿಗಷ್ಟೇ ಅದರ ಮೇಲೆ ಹೋಗಲು ಅನುಮತಿ. ಎರಡೂ ಕಡೆಯ ಸ್ಟೇಷನ್ ಮಾಸ್ಟರರ ಕೋಣೆಯಲ್ಲಿ ತಂತಿಯಿಂದ ಜೋಡಿಸಿದ ಯಂತ್ರಗಳು. ಗಂಟೆಯ ಸಂಕೇತದಲ್ಲಿ ಕೇಳಿ, ಆಚೆಯವರು ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿಯಿದೆ ಎಂಬ ಒಪ್ಪಿಗೆ, ಕೊಟ್ಟರೆ ಮಾತ್ರ ಈಚೆಯ ಯಂತ್ರ ಚೆಂಡು ಉದುರಿಸುತ್ತಿತ್ತು. ಒಂದು ಹೊರಗಿದ್ದರೆ ಎರಡೂ ಯಂತ್ರ ಬೀಗ. ಅದು ಯಾವುದಾದರೊಂದು ಯಂತ್ರದೊಳಗೆ ಮರಳಿ ಬೀಳುವ ತನಕ ಮತ್ತೊಂದು ಹೊರಬರುವುದಿಲ್ಲ. ಪಕ್ಕದ ಸೆಕ್ಷನ್ನಿನ ಚೆಂಡು ತಂದು ತುರುಕೋಣವೆಂದರೆ ಹಿಡಿಸುವುದಿಲ್ಲ, ಅಳತೆಯೇ ಬೇರೆ.

ಚೆಂಡು ಕಳೆದರೆ? ಡ್ರೈವರ್ ಮರೆತು ಮುಂದಿನ ಊರಿಗೆ ಒಯ್ದರೆ? ಆಗ ಇಡೀ ಸೆಕ್ಷನ್ ಸ್ತಬ್ಧ. ಇಬ್ಬರೂ ಮಾಸ್ಟರರು ಫೋನಿನಲ್ಲಿ ಗುರುತಿನ ಸಂಖ್ಯೆ ವಿನಿಮಯ ಮಾಡಿಕೊಂಡು, ಹಳಿ ಖಾಲಿಯೆಂದು ಖಾತ್ರಿಯಾದ ಮೇಲೆ ಕಾಗದದ ಅನುಮತಿ ಬರೆದುಕೊಡಬೇಕು. ರೈಲ್ವೆಯ ನಿಯಮಪುಸ್ತಕದಲ್ಲಿ ಎಲ್ಲ ಸರಿಯಿದ್ದಾಗಿನ ಕೆಲಸಕ್ಕಷ್ಟೇ ಅಲ್ಲ, ಕೆಟ್ಟಾಗಿನ ಕೆಲಸಕ್ಕೂ ಪುಟಗಳಿವೆ.

ಆ ಹುಡುಗರಲ್ಲೊಬ್ಬ ಮುಂದೆ ಎಂಬೆಡೆಡ್ ಸಾಫ್ಟ್‌ವೇರ್ ಬರೆಯುವ ಕೆಲಸ ಹಿಡಿದ. ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಂನಲ್ಲಿ ಮ್ಯೂಟೆಕ್ಸ್ ಎಂಬುದನ್ನು ಕಲಿಸಿದಾಗ ಅವನಿಗೆ ಹೊಸದೇನೂ ಅನ್ನಿಸಲಿಲ್ಲ: ಹಲವು ಟಾಸ್ಕ್‌ಗಳು, ಒಂದೇ ಮೆಮೊರಿ, ಬೀಗ ಹಿಡಿದವನಿಗಷ್ಟೇ ಪ್ರವೇಶ. 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇಂಥದೇ ಕೆಲಸಕ್ಕೆ ಸೆಮಾಫೋರ್ ತಂದಾಗ ಹೆಸರು ಕಡ ತಂದದ್ದು ರೈಲ್ವೆಯ ಕೈಮರದಿಂದಲೇ.

ಅವನನ್ನು ಬೆಚ್ಚಿಬೀಳಿಸಿದ್ದು ಕೆಲಸದಲ್ಲಿ ಕೈಗೆ ಸಿಕ್ಕ ಹಳೆಯ ಕೋಡ್. ಬೀಗ ಕೇಳುವುದು, ಸಿಕ್ಕಿತೋ ಇಲ್ಲವೋ ನೋಡದೆ ಒಳನುಗ್ಗುವುದು. ಇಲ್ಲವಾದರೆ ಕೊನೆಯಿಲ್ಲದಂತೆ ಕಾಯುತ್ತಾ ಕೂರುವುದು. ನಡುವೆ ದೋಷ ಬಂದು ಫಂಕ್ಷನ್ ಅರ್ಧಕ್ಕೇ ವಾಪಸಾದರೆ ಬೀಗ ಬಿಡುವವರೇ ಇಲ್ಲ. ಚೆಂಡು ಜೇಬಿನಲ್ಲಿಟ್ಟುಕೊಂಡು ಡ್ರೈವರ್ ಮನೆಗೆ ಹೋದ ಹಾಗೆ! ತಿದ್ದುಪಡಿ ಬೇಸರದ ಕೆಲಸ: ಕಾಯುವುದಕ್ಕೆ ಗಡುವು, ಪ್ರತಿ ಕರೆಯ ಉತ್ತರದ ಪರೀಕ್ಷೆ, ಹೊರಹೋಗುವ ಪ್ರತಿ ದಾರಿಯಲ್ಲೂ ಬಿಡುಗಡೆ, ಹಿಡಿದವನ ಹೊರತು ಬೇರೆಯವರು ಬಿಡಲು ಬಂದರೆ ನಿರಾಕರಣೆ.

ಇಷ್ಟು ಮಾಡಿದರೂ ಮೋಸ ಹೋಗಬಹುದು. 1997ರ ಜುಲೈ 4ರಂದು ಮಂಗಳಕ್ಕಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನ ದತ್ತಾಂಶದ ಕೆಳದರ್ಜೆಯ ಟಾಸ್ಕ್ ಬೀಗ ಹಿಡಿದಿತ್ತು, ಮೇಲ್ದರ್ಜೆಯದು ಕಾಯುತ್ತಿತ್ತು, ಮಧ್ಯಮದವು ನುಗ್ಗಿ ಕೆಳಗಿನದನ್ನು ಓಡಲೇ ಬಿಡುತ್ತಿರಲಿಲ್ಲ. ಬೀಗ ಹಿಡಿದವನಿಗೆ ಕಾಯುವವನ ದರ್ಜೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯ ನೌಕೆಯ ಆಪರೇಟಿಂಗ್ ಸಿಸ್ಟಂ ವಿಎಕ್ಸ್‌ವರ್ಕ್ಸ್‌ನಲ್ಲಿ ಇತ್ತು. ಆನ್ ಮಾಡಿರಲಿಲ್ಲ ಅಷ್ಟೆ. ಭೂಮಿಯಿಂದಲೇ ಆನ್ ಮಾಡಿದರು.

ಅದೇ ದಶಕದಲ್ಲಿ ಮೈಸೂರು–ಹಾಸನ ಮಾರ್ಗವೂ ಬ್ರಾಡ್ ಗೇಜ್ ಆಯಿತು. ಬರಬರುತ್ತಾ ಏಕಹಳಿ ಮಾರ್ಗಗಳಲ್ಲಿ ಚೆಂಡಿನ ಜಾಗಕ್ಕೆ ಆಕ್ಸಲ್ ಕೌಂಟರ್ ಬಂದಿದೆ. ಒಳಹೋದ ಗಾಲಿ, ಹೊರಬಂದ ಗಾಲಿ ಎಣಿಸಿ, ಲೆಕ್ಕ ತಾಳೆಯಾದರೆ ಹಳಿ ಖಾಲಿ. ಎಣಿಕೆ ತಪ್ಪಿತೋ, ಗಾಡಿ ಇಲ್ಲದಿದ್ದರೂ ಇದೆ ಎಂದೇ ಹಿಡಿದು ಸಿಗ್ನಲ್ ಕೆಂಪಾಗಿರುತ್ತದೆ. ಆಗ ಎಣಿಕೆಯನ್ನು ಸೊನ್ನೆಗೆ ತರುವ ರೀಸೆಟ್ ಒತ್ತಿದ್ದಕ್ಕೂ ಲೆಕ್ಕವಿಡಬೇಕು. ಕೆಲವು ವಿಧಾನಗಳಲ್ಲಿ ರೀಸೆಟ್ ಒತ್ತಿದೊಡನೆ ಹಸಿರು ಬರುವುದಿಲ್ಲ. ಮೊದಲ ಗಾಡಿ ಎಚ್ಚರಿಕೆಯಿಂದ ಸಾಗಿ ಎಣಿಕೆ ತಾಳೆಯಾದ ಮೇಲಷ್ಟೇ ಹಳಿ ಮುಕ್ತ. ಪೋಸಿಕ್ಸ್ ಮಾನದಂಡದ ರೋಬಸ್ಟ್ ಮ್ಯೂಟೆಕ್ಸ್ ಕೂಡ ಹಾಗೆಯೇ: ಹಿಡಿದವನು ಸತ್ತರೆ ಮುಂದಿನವನಿಗೆ ಬೀಗ ಸಿಗುತ್ತದೆ, ಜೊತೆಗೆ ಎಚ್ಚರಿಕೆಯ ಸಂದೇಶವೂ. ಒಳಗಿನ ದತ್ತಾಂಶ ಸರಿಪಡಿಸಿದೆನೆಂದು ಹೇಳದೆ ಅವನು ಬೀಗ ಬಿಟ್ಟರೆ ಆ ಮ್ಯೂಟೆಕ್ಸ್ ಮತ್ತೆ ಯಾರಿಗೂ ತೆರೆಯುವುದಿಲ್ಲ.