ನಮ್ಮ ಕಾಳಿಯ ಅಂಜಿಕೆ

ಮಂಡ್ಯದ ಕಡೆಯ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಕ್ರಿ.ಶ. 949-50ರಲ್ಲಿ ಕಲ್ಲು ನಿಲ್ಲಿಸಿದರಷ್ಟೆ. ಸೊರಬದಲ್ಲಿ ದಂಡಾವತಿಯ ಸೇತುವೆಯ ಬಳಿ ಸಿಕ್ಕಿದ ಕಪ್ಪು ಹೆಣ್ಣುನಾಯಿಗೆ ನಾನು ಆ ಹೆಸರನ್ನೇ ಇಟ್ಟೆ. ಒಂದು ಕಿವಿ ಹರಿದಿತ್ತು. ಬೀದಿನಾಯಿಗಳ ಕೆಲಸವೆಂದು ಅಲ್ಲಿಯ ಹೋಟೆಲಿನವರು ಹೇಳಿದರು. ಶಿರಾಳಕೊಪ್ಪದ ಮಾರ್ಗವಾಗಿ ಶಿಕಾರಿಪುರ ಸೇರುವವರೆಗೂ ಅದು ಕಾರಿನ ಸೀಟಿನ ಕೆಳಗಿಂದ ತಲೆ ಹೊರಗೆ ಹಾಕಲಿಲ್ಲ. ಇಟ್ಟ ಹೆಸರು ಅಷ್ಟರಲ್ಲೇ ಕೊಂಚ ದೊಗಲೆಯಾಯಿತೆನ್ನಬೇಕು.

ಮನೆಯೊಳಗೆ ಪರಮ ಸಾಧು. ಆದರೆ ಹುಚ್ಚರಾಯನ ಕೆರೆಯ ಏರಿಯ ಮೇಲೆ ಇನ್ನೊಂದು ನಾಯಿ ಕಂಡಿತೋ, ಬೆನ್ನಿನ ಕೂದಲು ನಿಮಿರಿ, ಸರಪಳಿ ಹರಿಯುವಂತೆ ನೆಗೆದು ಬೊಗಳುತ್ತಿತ್ತು. ಜಗಳಗಂಟಿ ಎಂದುಕೊಂಡೆ. ಜಗಳಗಂಟಿಗೆ ಮದ್ದು ಯಾವುದೆಂಬುದು ನಾನು ಶಾಲೆಯಲ್ಲಿ ಬೆನ್ನ ಮೇಲೆಯೇ ಕಲಿತ ಪಾಠ. ಒಂದು ಬೆಳಿಗ್ಗೆ ಸರಪಳಿ ಬಿಗಿಹಿಡಿದು, ಕೋಲಿನಿಂದ ಎರಡು ಬಿಟ್ಟು, ಎದುರಿನ ನಾಯಿಯ ಬಳಿಗೇ ಎಳೆದುಕೊಂಡು ಹೋದೆ. ಬೊಗಳುವುದು ನಿಂತಿತು. ಗೆದ್ದೆನೆಂದು ತಿರುಗಿ ನೋಡಿದರೆ, ಕಾಳಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತ್ತು. ಎರಡು ದಿನ ನನ್ನ ಕೈಯಿಂದ ಅನ್ನ ಮುಟ್ಟಲಿಲ್ಲ.

“ಅದು ಸಿಟ್ಟಲ್ಲ ರಾಯರೇ, ಹೆದರಿಕೆ. ಹತ್ತಿರ ಬರಬೇಡ ಅಂತ ಬೇಡಿಕೊಳ್ಳುತ್ತೆ. ನೀವು ಸರಪಳಿ ಬಿಗಿಹಿಡಿದರೆ ಓಡಿಹೋಗುವ ದಾರಿಯೂ ಮುಚ್ಚಿತು,” ಎಂದರು ಪಶುವೈದ್ಯರು. ಅವರು ಹೇಳಿದ ಔಷಧಿ ದೂರ. ಕಂಡರೂ ಬೊಗಳದಷ್ಟು ದೂರದಲ್ಲಿ ನಿಲ್ಲುವುದು. ನಾಯಿ ಕಂಡೊಡನೆ ಬೇಯಿಸಿದ ಮೊಟ್ಟೆಯ ಚೂರು ಕೊಡುವುದು. ಅದು ಮರೆಯಾದೊಡನೆ ಮೊಟ್ಟೆಯೂ ಬಂದ್. ಅಂಥ ಹೊತ್ತಿನಲ್ಲಿ ಆಕಳಿಸಿದರೆ, ತುಟಿ ನೆಕ್ಕಿದರೆ, ಮೈ ಬಿಗಿದರೆ ಅದು ನಿದ್ದೆಯೂ ಅಲ್ಲ, ಹಸಿವೂ ಅಲ್ಲ. ಹಿಂದೆ ಸರಿಯಿರೆಂಬ ಸೂಚನೆ. ಸರಪಳಿ ಹೋಗಿ ಎದೆಗೆ ಹಾಕುವ ಪಟ್ಟಿ ಬಂತು.

ನಮ್ಮ ಮನೆಯಲ್ಲಿ ಮೊಟ್ಟೆ! “ನಾಯಿಯನ್ನು ತಿದ್ದಲು ಹೋಗಿ ನೀವು ಕೆಡುತ್ತೀರಿ,” ಎಂದಳು ನಮ್ಮವಳು. ಆದರೆ ಮರುದಿನ ಹಿತ್ತಿಲಲ್ಲಿ ಮೂರು ಇಟ್ಟಿಗೆ ಜೋಡಿಸಿ ಒಲೆ ಹೂಡಿದವಳೂ ಅವಳೇ.

ನಾಲ್ಕು ತಿಂಗಳಾಯಿತು. ದೇವಸ್ಥಾನದ ಬಳಿಯ ಕೆಂಚನಿಗೂ ನಮಗೂ ನಡುವಣ ದೂರ ನೂರು ಹೆಜ್ಜೆಯಿಂದ ಮೂವತ್ತಕ್ಕೆ ಇಳಿದಿತ್ತು. ಮೊನ್ನೆ ತಿರುವಿನಲ್ಲಿ ಯಾವುದೋ ನಾಯಿ ಧಿಡೀರನೆ ಎದುರಾಗಿ, ಮತ್ತೆ ಅರವತ್ತಕ್ಕೆ ಏರಿತು. ನಿನ್ನೆ ಕೆಂಚನನ್ನು ಕಂಡು ಕಾಳಿ ಬೊಗಳಲಿಲ್ಲ. ತಿರುಗಿ ನನ್ನ ಮುಖ ನೋಡಿತು. ಮೊಟ್ಟೆ ತೆಗೆದು ಕೈ ಚಾಚಿದೆ. ಕೋಲು ಹಿಡಿದಿದ್ದ ಆ ಕೈ ಮೇಲೆದ್ದಾಗ ಮಾತ್ರ ಅದು ಈಗಲೂ ಒಂದು ಕ್ಷಣ ಕಣ್ಣು ಮುಚ್ಚಿಕೊಳ್ಳುತ್ತದೆ.