ಕೂರಿಸುತ್ತೀಯೋ, ಎಬ್ಬಿಸುತ್ತೀಯೋ?

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂತು. ‘ಅಕ್ಕಾ’ ಎಂದು ಕರೆದಿದ್ದೀಯ, ಅದಕ್ಕೇ ಬಹುವಚನ ಬಿಟ್ಟು ಬರೆಯುತ್ತಿದ್ದೇನೆ. ತುಮಕೂರಿನ ಆಚೆ ಹಿತ್ತಿಲಿರುವ ಮನೆ ಸಿಕ್ಕಿದ್ದು, ಆರು ನಾಟಿ ಹೇಂಟೆ, ಒಂದು ಹುಂಜ ತಂದುಕೊಂಡಿದ್ದು ಎಲ್ಲ ಓದಿ ಖುಷಿಯಾಯಿತು. ಆದರೆ ಕಾಗದದ ತುಂಬ ಒಂದೇ ದೂರು. ಕಂದು ಕೋಳಿ ಗೂಡು ಬಿಟ್ಟು ಏಳುತ್ತಿಲ್ಲ, ಕೈ ಹಾಕಿದರೆ ಕುಕ್ಕುತ್ತದೆ, ಮೊಟ್ಟೆಯನ್ನೂ ನಿಲ್ಲಿಸಿದೆ, ಏನೋ ಕಾಯಿಲೆ ಇರಬೇಕು ಎಂದು ಬರೆದಿದ್ದೀಯ. ಕಾಯಿಲೆಯಲ್ಲ ಕಣಮ್ಮ. ಅದು ಕಾವಿಗೆ ಕೂತಿದೆ.

ಆದರೂ ನನ್ನ ಮಾತನ್ನೇ ನಂಬಬೇಡ, ನೀನೇ ನೋಡು. ಮೊಟ್ಟೆ ಇಡಲು ಗೂಡಿಗೆ ಹೋದ ಕೋಳಿ ಸ್ವಲ್ಪ ಹೊತ್ತಿಗೆ ಮೊಟ್ಟೆ ಇಟ್ಟು, ಊರಿಗೆಲ್ಲ ಕೇಳುವಂತೆ ಕೂಗಿ, ಮತ್ತೆ ಮಣ್ಣು ಕೆದಕಲು ಹೊರಡುತ್ತದೆ. ಕಾವು ಬಂದ ಕೋಳಿಗೆ ಆ ಸಂಭ್ರಮ ಇಲ್ಲ. ಮೈ ಚಪ್ಪಟೆ ಮಾಡಿಕೊಂಡು ಗೂಡಿನ ತುಂಬ ಹರಡಿ ಕೂರುತ್ತದೆ. ನೀನು ಹತ್ತಿರ ಹೋದರೆ ಗರಿಯೆಲ್ಲ ನಿಮಿರಿಸಿ, ಬಾಲ ಬೀಸಣಿಗೆ ಮಾಡಿ, ಗಂಟಲಿನಿಂದ ಗುರ್ ಎಂದು ಸದ್ದು ಹೊರಡಿಸುತ್ತದೆ. ಎದೆಯ ಪುಕ್ಕ ತಾನೇ ಕಿತ್ತು ಗೂಡಿಗೆ ಹಾಸಿರುತ್ತದೆ. ಹೊಟ್ಟೆಯ ಕೆಳಗೆ ಬೆರಳು ಇಟ್ಟರೆ ಬೆತ್ತಲೆ ಚರ್ಮ, ಬಿಸಿಬಿಸಿ. ಕೆಂಪಾಗಿದ್ದ ಜುಟ್ಟು ದಿನ ಕಳೆದಂತೆ ಬಿಳಿಚಿಕೊಳ್ಳುತ್ತದೆ. ದಿನಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಹದಿನೈದು ಇಪ್ಪತ್ತು ನಿಮಿಷಕ್ಕೆ ಹೊರಗೆ ಬರುತ್ತದೆ. ಕ್ಲೊಕ್ ಕ್ಲೊಕ್ ಎನ್ನುತ್ತ ಗಡಿಬಿಡಿಯಲ್ಲಿ ನಾಲ್ಕು ಕಾಳು ತಿಂದು, ನೀರು ಕುಡಿದು, ಒಂದು ದೊಡ್ಡ, ಮೂಗು ಮುಚ್ಚಿಕೊಳ್ಳುವಂಥ ಹಿಕ್ಕೆ ಹಾಕಿ ವಾಪಸ್ಸು ಓಡುತ್ತದೆ. ಗೂಡನ್ನು ಹೊಲಸು ಮಾಡಬಾರದೆಂದು ಅದು ಇಡೀ ದಿನ ತಡೆದುಕೊಂಡಿರುತ್ತದೆ; ವಾಸನೆಗೆ ಕಾರಣ ಅದೇ.

ಇಷ್ಟು ನೋಡಿಯೂ ಅನುಮಾನ ಉಳಿದರೆ ಕತ್ತಲಾದ ಮೇಲೆ ಹೋಗಿ ನೋಡು. ಉಳಿದವೆಲ್ಲ ಅಟ್ಟಣೆಯ ಕೋಲಿನ ಮೇಲೆ ಕೂತಿದ್ದು, ಇದೊಂದೇ ಗೂಡಿನಲ್ಲಿದ್ದರೆ ಕಾವು ಖಂಡಿತ. ಕಾಯಿಲೆಯ ಕೋಳಿ ಬೇರೆಯೇ ಕಾಣುತ್ತದೆ. ಕಣ್ಣು ಅರೆ ಮುಚ್ಚಿ, ಕುತ್ತಿಗೆ ಒಳಗೆಳೆದುಕೊಂಡು, ಮುಟ್ಟಿದರೂ ಗೊತ್ತಾಗುವುದಿಲ್ಲ ಎಂಬಂತೆ ತೂಗುತ್ತಿರುತ್ತದೆ. ಹಿಕ್ಕೆ ನೀರಾಗಿ, ಹಸಿರೋ ಬಿಳಿಯೋ ಆಗಿರುತ್ತದೆ. ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಆ ಎರಡಕ್ಕೂ ಪಶುವೈದ್ಯರೇ ಆಗಬೇಕು. ನಿನ್ನ ಕಂದು ಕೋಳಿಗೆ ಬೇಕಿರುವುದು ಔಷಧಿಯಲ್ಲ, ನಿನ್ನದೊಂದು ತೀರ್ಮಾನ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ತೀರ್ಮಾನ ಸುಲಭ. ನಾಟಿ ಕೋಳಿ ಹತ್ತು ಹದಿನೈದು ಮೊಟ್ಟೆ ಇಡುತ್ತದೆ; ಆ ಮೊಟ್ಟೆಗಳು ಹೊಟ್ಟೆಗೆ ತಾಗುತ್ತ, ಗೂಡಿನ ಕತ್ತಲು ಹಿತವಾಗುತ್ತ ಬಂದಂತೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಬಾಣಂತಿಯರಲ್ಲಿ ಹಾಲು ಬರಿಸುವುದೂ ಇದೇ. ಅದು ಏರಿದಾಗ ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ, ಕೋಳಿ ಕೂರುತ್ತದೆ. ಮೊಟ್ಟೆ ನೀನು ತೆಗೆದುಬಿಟ್ಟರೂ ಬರಿಯ ಹುಲ್ಲಿನ ಮೇಲೆ, ಕೆಲವೊಮ್ಮೆ ಒಂದು ಕಲ್ಲಿನ ಮೇಲೆ ವಾರಗಟ್ಟಲೆ ಕೂರುತ್ತದೆ. ಅರೆಹೊಟ್ಟೆಯಲ್ಲಿ ಸೊರಗುತ್ತದೆ, ಹೇನು ಹತ್ತುತ್ತದೆ, ಮರಿಯೂ ಇಲ್ಲ, ಮೊಟ್ಟೆಯೂ ಇಲ್ಲ. ಆದ್ದರಿಂದ ನಾನು ಹೇಳುವುದು ಒಂದೇ: ಕೂರಿಸು, ಇಲ್ಲವೇ ಎಬ್ಬಿಸು. ಎರಡೂ ಸರಿ. ‘ತಾನಾಗೇ ಏಳುತ್ತದೆ ಬಿಡು’ ಎಂದು ಸುಮ್ಮನಿರುವುದು ಮಾತ್ರ ಸರಿಯಲ್ಲ.

ಯಾವುದನ್ನು ಆರಿಸಲಿ ಎನ್ನುತ್ತೀಯ, ಲೆಕ್ಕ ಹಾಕೋಣ. ಕೂರಿಸಿದರೆ 21 ದಿನ ಕಾವು, ಆಮೇಲೆ ಮರಿ ಸಾಕಲು ಎರಡು ತಿಂಗಳ ಹತ್ತಿರ. ಅಂದರೆ ಎರಡೂವರೆ ಮೂರು ತಿಂಗಳು ಆ ಕೋಳಿಯಿಂದ ಮೊಟ್ಟೆ ಇಲ್ಲ. ನಾಟಿ ಕೋಳಿ ವರ್ಷವಿಡೀ ಇಡುವುದೇ ಐವತ್ತರಿಂದ ಎಂಬತ್ತು ಮೊಟ್ಟೆ, ಅದರಲ್ಲಿ ಇದು ದೊಡ್ಡ ಪಾಲು. ಬೇಗ ಎಬ್ಬಿಸಿದರೆ ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಮೊಟ್ಟೆ ಶುರು. ಆರರಲ್ಲಿ ಒಂದು ಕೂತರೆ ಅಡುಗೆಮನೆಗೆ ತೊಂದರೆಯಿಲ್ಲ. ಮೂರು ಒಟ್ಟಿಗೆ ಕೂತರೆ ಆಮ್ಲೆಟ್ಟಿಗೆ ಅಂಗಡಿಗೆ ಹೋಗಬೇಕು. ನೀನು ಮರಿಯೂ ಬೇಕು ಎಂದಿದ್ದೀಯ. ಸಂಕ್ರಾಂತಿ ಈಗಷ್ಟೇ ಕಳೆದಿದೆ. ಮೊಟ್ಟೆ ಕೆಡುವ ಸೆಕೆ ಇನ್ನೂ ಇಲ್ಲ, ಮರಿ ನೆನೆದು ಸಾಯುವ ಮಳೆಯೂ ಇಲ್ಲ. ಕಂದು ಕೋಳಿಯನ್ನು ಕೂರಿಸು ಎಂದೇ ನನ್ನ ಸಲಹೆ.

ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ನಿಜ, ಆದರೆ ಕಾವಿಗೆ ಇಡುವ ಮುಂಚೆ ಕೋಳಿಯನ್ನು ಕೇಳಲೇಬೇಕು. ಹೇಗೆ ಅಂದರೆ, ಈಗಿನ ಗೂಡಿನಲ್ಲಿ ಉಳಿದ ಐದೂ ಮೊಟ್ಟೆ ಇಡಲು ಬಂದು ತುಳಿದಾಡುತ್ತವೆ, ಅಲ್ಲಿ ಬೇಡ. ಬೆಕ್ಕು, ಮುಂಗುಸಿ, ಹಾವು ಬರದ, ಅರೆಗತ್ತಲಿನ ಮೂಲೆಯಲ್ಲಿ ಅಗಲದ ಬುಟ್ಟಿ ಇಡು. ತಳಕ್ಕೆ ನಾಲ್ಕು ಬೆರಳು ಮಣ್ಣು, ಮೇಲೆ ಒಣಗಿದ ಬೇವಿನೆಲೆ, ಅದರ ಮೇಲೆ ರಾಗಿ ಹುಲ್ಲು. ನಡುವೆ ಅಂಗೈಯಿಂದ ಒತ್ತಿ ಗುಳಿ ಮಾಡು, ಮೊಟ್ಟೆ ಉರುಳಿ ಅಂಚಿಗೆ ಹೋಗಬಾರದು. ಬುಟ್ಟಿಯ ಸುತ್ತ ಬೂದಿಯ ಗೆರೆ ಎಳೆ. ಮೊಟ್ಟೆಯೊಡೆಯುವ ದಿನ ಇರುವೆ ಮುತ್ತಿದರೆ ಮರಿ ಉಳಿಯುವುದಿಲ್ಲ. ರಾತ್ರಿ ಎಂಟರ ಮೇಲೆ ಕೋಳಿಯನ್ನು ಎತ್ತಿ ತಂದು, ಮೊದಲಿಗೆ ಎರಡು ಅಂಗಡಿ ಮೊಟ್ಟೆಯ ಮೇಲೆ ಕೂರಿಸು. ಎತ್ತುವಾಗ ಮೊದಲು ರೆಕ್ಕೆಯ ಕೆಳಗೆ ಬೆರಳು ತೂರಿಸಿ ನೋಡು. ಕಂಕುಳಲ್ಲಿ ಮೊಟ್ಟೆ ಅವಚಿಕೊಂಡಿರುತ್ತದೆ, ಎತ್ತಿದ ಕೂಡಲೇ ಬಿದ್ದು ಒಡೆಯುತ್ತದೆ. ಬೆಳಿಗ್ಗೆ ಎದ್ದು ಹಳೆಯ ಗೂಡಿಗೆ ಓಡದೆ ಅಲ್ಲೇ ಒಂದೆರಡು ದಿನ ನಿಂತರೆ ಅದು ‘ಹೂಂ’ ಎಂದ ಹಾಗೆ.

ಆಗ ಇಡುವ ಮೊಟ್ಟೆ ನಿನ್ನ ಹಿತ್ತಿಲಿನದೇ ಆಗಿರಲಿ. ಅಂಗಡಿಯ ಫಾರಂ ಮೊಟ್ಟೆಗೆ ಹುಂಜದ ಸಂಪರ್ಕವೇ ಇರುವುದಿಲ್ಲ, ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗದು. ವಾರದೊಳಗೆ ಇಟ್ಟ, ಮಧ್ಯಮ ಗಾತ್ರದ, ಬಿರುಕಿಲ್ಲದ ಮೊಟ್ಟೆ ಆರಿಸು. ತೊಳೆಯಬೇಡ, ಚಿಪ್ಪಿನ ಮೇಲೆ ರೋಗಾಣುಗಳನ್ನು ತಡೆಯುವ ತೆಳು ಪೊರೆ ಇರುತ್ತದೆ. ಕೂಡಿಡುವಾಗ ಚೂಪು ತುದಿ ಕೆಳಗೆ ಮಾಡಿ ತಂಪಾದ ಕಡೆ ಇಡು. ಬೇಸಿಗೆಯಲ್ಲಿ ಕೋಣೆಯ ಸೆಕೆಗೇ ಮೊಟ್ಟೆಯೊಳಗೆ ಅರೆಬರೆ ಬೆಳವಣಿಗೆ ಶುರುವಾಗಿ ನಿಂತುಹೋಗುತ್ತದೆ, ಅಂಥದ್ದು ಕಾವಿಗಿಟ್ಟರೂ ಕೆಡುತ್ತದೆ. ನಮ್ಮ ಕಡೆ ಹಿರಿಯರು ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುತ್ತಿದ್ದರು. ಇಟ್ಟರೆ ನಷ್ಟವೇನಿಲ್ಲ, ಆದರೆ ಗುಡುಗಿನ ಕಾಲಕ್ಕೆ ಮುಂಚಿನ ಸೆಕೆಯ ಮೇಲೆ ನನಗೆ ಹೆಚ್ಚು ಗುಮಾನಿ.

ಹತ್ತರಿಂದ ಹನ್ನೆರಡು ಸಾಕು. ಆಸೆಪಟ್ಟು ಹದಿನೆಂಟು ಇಟ್ಟರೆ ಅಂಚಿನ ಮೊಟ್ಟೆ ತಣಿಯುತ್ತದೆ. ಕೋಳಿ ದಿನವೂ ಕೊಕ್ಕಿನಿಂದ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ತಳ್ಳಿ ತಿರುಗಿಸುತ್ತಲೇ ಇರುತ್ತದೆ, ಹಾಗಾಗಿ ಇಂದು ಒಂದು, ನಾಳೆ ಇನ್ನೊಂದು ಎಂದು ಎಲ್ಲವೂ ಒಂದೊಂದು ಸಲ ತಣಿದು ಹಾಳಾಗುತ್ತವೆ. ಹಾಗೆಯೇ ಎಲ್ಲವನ್ನೂ ಒಂದೇ ರಾತ್ರಿ ಇಡು. ಒಂದೇ ದಿನ ಕಾವು ಶುರುವಾದರೆ ಒಂದೇ ದಿನ ಮರಿ. ಇಲ್ಲದಿದ್ದರೆ ಮೊದಲ ಮರಿಗಳ ಜತೆ ತಾಯಿ ಎದ್ದು ಹೋಗುತ್ತದೆ, ಹಿಂದುಳಿದವು ಮೊಟ್ಟೆಯಲ್ಲೇ ಸಾಯುತ್ತವೆ. ಪ್ರತಿ ಮೊಟ್ಟೆಗೂ ಇದ್ದಿಲಿನ ಗೆರೆ ಎಳೆದುಬಿಡು. ಬೇರೆ ಹೇಂಟೆ ಕದ್ದು ಬಂದು ಇಟ್ಟುಹೋದರೆ ಗೆರೆಯಿಲ್ಲದ್ದನ್ನು ಸಂಜೆ ಎತ್ತಿಕೊಳ್ಳಬಹುದು.

ಮೂರು ವಾರ ನಿನಗೆ ಹೆಚ್ಚು ಕೆಲಸವಿಲ್ಲ. ಬುಟ್ಟಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ನೀರು, ಜೋಳ, ರಾಗಿ ಇಡು. ಪಕ್ಕದಲ್ಲಿ ಬೂದಿ ಬೆರೆಸಿದ ಒಣ ಮಣ್ಣು, ಮಿಂದು ಹೇನು ಉದುರಿಸಿಕೊಳ್ಳಲಿ. ತಾನಾಗಿ ಏಳದಷ್ಟು ಹಟದ ಕೋಳಿಯಾದರೆ ದಿನಕ್ಕೊಮ್ಮೆ ನೀನೇ ಎಬ್ಬಿಸು. ಏಳನೆಯ ರಾತ್ರಿ ಕತ್ತಲಲ್ಲಿ ಮೊಟ್ಟೆಯ ಅಗಲದ ತುದಿಗೆ ಮೊಬೈಲಿನ ಟಾರ್ಚು ಒತ್ತಿ ನೋಡು. ಒಳಗೆ ಕೆಂಪು ನರಗಳ ಬಲೆ, ನಡುವೆ ಒಂದು ಕಪ್ಪು ಚುಕ್ಕೆ ಕಂಡರೆ ಜೀವ ಇದೆ. ಬರೀ ತಿಳಿಯಾಗಿ ಬೆಳಗಿದರೆ ತೆಗೆದುಬಿಡು, ಅದು ಕೊಳೆತು ಒಡೆದರೆ ಉಳಿದವೂ ಕೆಡುತ್ತವೆ. ಹದಿನೆಂಟನೆಯ ದಿನದಿಂದ ಮುಟ್ಟಲೇಬೇಡ. ಆ ಹೊತ್ತಿಗೆ ಮರಿ ಹೊರಬರುವ ಭಂಗಿಗೆ ತಿರುಗಿರುತ್ತದೆ. ಮೊಟ್ಟೆ ಒಡೆಯುವುದಕ್ಕೆ ಹಿಂದಿನ ದಿನ ಅದು ಗಾಳಿಯ ಗೂಡಿಗೆ ಕೊಕ್ಕು ಚುಚ್ಚಿ ಉಸಿರಾಡಲು ಶುರುಮಾಡುತ್ತದೆ. ಕಿವಿ ಹತ್ತಿರ ತಂದರೆ ಚಿಪ್ಪಿನೊಳಗಿಂದ ಚೀಂವ್ ಎಂಬುದು ಕೇಳುತ್ತದೆ, ತಾಯಿ ಅದಕ್ಕೆ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತಿರುತ್ತದೆ. ಚಿಪ್ಪಿಗೆ ತೂತು ಬಿದ್ದು ಅರ್ಧ ದಿನವಾದರೂ ಮರಿ ಬರಲಿಲ್ಲವೆಂದು ಉಗುರಿನಿಂದ ಬಿಡಿಸಲು ಹೋಗಬೇಡ. ಹಳದಿ ಭಂಡಾರ ಇನ್ನೂ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ, ನರಗಳಲ್ಲಿ ರಕ್ತ ಇರುತ್ತದೆ. ಆ ಭಂಡಾರದ ಬಲದಲ್ಲೇ ಮರಿ ಎರಡು ದಿನ ತಿನ್ನದೆ ಇರಬಲ್ಲದು, ತಾಯಿಗೂ ಹಿಂದುಳಿದವನ್ನು ಕಾಯಲು ಸಮಯ ಸಿಗುತ್ತದೆ. 23ನೆಯ ದಿನಕ್ಕೂ ಒಡೆಯದ್ದನ್ನು ಗುಂಡಿ ತೋಡಿ ಹೂತುಬಿಡು.

ಆಮೇಲಿನದು ತಾಯಿಯ ಕೆಲಸ, ಅದು ನನಗಿಂತ ನಿನಗಿಂತ ಚೆನ್ನಾಗಿ ಮಾಡುತ್ತದೆ. ಗೆದ್ದಲು ಸಿಕ್ಕರೆ ಕೊಕ್ಕಿನಲ್ಲಿ ಎತ್ತಿ ಬೀಳಿಸಿ, ಮತ್ತೆ ಎತ್ತಿ ಬೀಳಿಸಿ, ಮರಿಗಳನ್ನು ಕರೆದು ತೋರಿಸುತ್ತದೆ. ಹದ್ದಿನ ನೆರಳು ಬಿದ್ದರೆ ಒಂದೇ ಕೂಗು, ಮರಿಗಳೆಲ್ಲ ರೆಕ್ಕೆಯೊಳಗೆ. ನೀನು ಮಾಡಬೇಕಾದದ್ದು ಎರಡು. ಮೊದಲ ಎರಡು ವಾರ ಮಂಕರಿ ಕವುಚಿ ಒಳಗೇ ನುಚ್ಚು ಹಾಕು, ನೀರನ್ನು ಮರಿ ಮುಳುಗದಂಥ ತಟ್ಟೆಯಲ್ಲಿ ಇಡು. ಮತ್ತೊಂದು, ಐದರಿಂದ ಏಳು ದಿನದೊಳಗೆ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಒಂದು ಸೀಸೆ ನೂರಾರು ಮರಿಗಳಿಗಾಗುವಷ್ಟು ಇರುತ್ತದೆ, ತೆರೆದ ಮೇಲೆ ಇಡುವಂತಿಲ್ಲ. ಅಕ್ಕಪಕ್ಕದವರನ್ನು ಸೇರಿಸಿಕೊಂಡು ಪಶು ಆಸ್ಪತ್ರೆಗೆ ಹೋಗು.

ಇನ್ನು ಎಬ್ಬಿಸುವ ವಿಚಾರ. ಇವತ್ತಲ್ಲದಿದ್ದರೆ ಮುಂದೆ, ಬಿರುಬೇಸಿಗೆಯಲ್ಲಿ ಬೇರೊಂದು ಕೋಳಿ ಕೂತಾಗ ಬೇಕಾಗುತ್ತದೆ. ಹಳ್ಳಿಗಳಲ್ಲಿ ಮೂಗಿನ ಹೊಳ್ಳೆಗೆ ಪುಕ್ಕ ಚುಚ್ಚುವುದು, ಬಕೆಟ್ಟಿನಲ್ಲಿ ಮುಳುಗಿಸುವುದು, ಕಾಲು ಕಟ್ಟಿ ಉಪವಾಸ ಕೆಡವುವುದು ಎಲ್ಲ ಇದೆ. ಯಾರಾದರೂ ಹೇಳಿದರೆ ನಕ್ಕು ಬಿಟ್ಟುಬಿಡು, ಹಿಂಸೆ ಬೇಕಿಲ್ಲ. ಕಾವಿಗೆ ಬೇಕಾದದ್ದು ಕತ್ತಲು, ಮೆತ್ತೆ, ಹೊಟ್ಟೆಯ ಬಿಸಿ. ಆ ಮೂರನ್ನೂ ತಪ್ಪಿಸಿದರಾಯಿತು. ತಳದಲ್ಲಿ ತೂತುಗಳಿರುವ ತರಕಾರಿ ಕ್ರೇಟನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತರಿಸಿ, ಮರದ ನೆರಳಲ್ಲಿ, ಗಾಳಿ ಬೆಳಕಿರುವ ಕಡೆ ಇಡು. ಒಳಗೆ ಹುಲ್ಲು ಹಾಕಬೇಡ, ನೀರು ಮತ್ತು ಕಾಳು ಮಾತ್ರ. ಮೇಲೆ ಇನ್ನೊಂದು ಕ್ರೇಟು ಕವುಚಿ ಕಟ್ಟು. ಕೆಳಗಿನಿಂದ ಗಾಳಿಯಾಡಿ ಹೊಟ್ಟೆ ತಣಿಯುತ್ತದೆ, ಹಾರ್ಮೋನು ಇಳಿಯುತ್ತದೆ. ರಾತ್ರಿ ನಾಯಿ ನರಿಯ ಭಯವಿದ್ದರೆ ಕ್ರೇಟಿನ ಸಮೇತ ಒಳಗೆ ತಾ, ಆದರೆ ಗೂಡಿಗೆ ಬಿಡಬೇಡ. ಮೂರು ದಿನದ ಮೇಲೆ ಬಿಟ್ಟು ನೋಡು. ಗುಂಪಿನ ಜತೆ ಕೆದಕಲು ಹೋದರೆ ಕೆಲಸ ಮುಗಿಯಿತು. ಸೀದಾ ಗೂಡಿಗೆ ನುಗ್ಗಿದರೆ ಇನ್ನೆರಡು ದಿನ. ಶುರುವಾದ ದಿನವೇ ಹಿಡಿದರೆ ಬೇಗ ಇಳಿಯುತ್ತದೆ, ವಾರ ಬಿಟ್ಟು ಹಿಡಿದರೆ ಹಟ ಜಾಸ್ತಿ. ಸಂಜೆ ಸಂಜೆ ಗೂಡಿನ ಮೊಟ್ಟೆ ತೆಗೆಯುವ ಅಭ್ಯಾಸ ಇಟ್ಟುಕೊಂಡರೆ ಬೇಡದ ಕಾವು ಅರ್ಧಕ್ಕರ್ಧ ತಪ್ಪುತ್ತದೆ.

ಎರಡು ಕೋಳಿ ಒಟ್ಟಿಗೆ ಕೂತರೆ ಒಂದು ಉಪಾಯವಿದೆ. ಎರಡಕ್ಕೂ ಒಂದೇ ರಾತ್ರಿ ಮೊಟ್ಟೆ ಇಡು. ಮರಿಯಾದ ಮೇಲೆ ರಾತ್ರಿ ಹೊತ್ತು ಎಲ್ಲವನ್ನೂ ಒಂದರ ರೆಕ್ಕೆಯೊಳಗೆ ಸೇರಿಸಿ, ಇನ್ನೊಂದನ್ನು ಕ್ರೇಟಿಗೆ ಹಾಕು. ಒಂದು ತಾಯಿ ಇಪ್ಪತ್ತು ಮರಿ ಸಾಕುತ್ತದೆ, ಇನ್ನೊಂದು ಮೊಟ್ಟೆಗೆ ಮರಳುತ್ತದೆ.

ಕೊನೆಯಲ್ಲಿ ನೀನು ಕೇಳಿದ್ದೆಯಲ್ಲ, ಈ ರಗಳೆಯೇ ಇಲ್ಲದ ಗಿರಿರಾಜ ತಂದಿದ್ದರೆ ಒಳ್ಳೆಯದಿತ್ತೇ ಎಂದು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ಆ ತಳಿ ಚೆನ್ನಾಗಿ ತೂಗುತ್ತದೆ, ಹೆಚ್ಚು ಮೊಟ್ಟೆ ಕೊಡುತ್ತದೆ, ಕಾವಿಗೆ ಕೂರುವುದಿಲ್ಲ. ವರ್ಷಕ್ಕೆ ಮುನ್ನೂರು ಮೊಟ್ಟೆ ಇಡುವ ಫಾರಂ ಕೋಳಿಯೂ ಅಷ್ಟೇ. ಕೂರುವ ಗುಣವನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿ ತೆಗೆದ ಮೇಲೆಯೇ ಆ ಸಂಖ್ಯೆ ಸಾಧ್ಯವಾದದ್ದು. ಆದರೆ ಅವುಗಳ ಮುಂದಿನ ಪೀಳಿಗೆಗೆ ಕರೆಂಟು ಬೇಕು, ಯಂತ್ರ ಬೇಕು, ಮರಿ ಮಾರುವವರು ಬೇಕು. ನಮ್ಮ ಹಳ್ಳಿಗಳಲ್ಲಿ ಗಿರಿರಾಜದ ಮೊಟ್ಟೆಯನ್ನೂ ನಾಟಿ ಕೋಳಿಯ ಕೆಳಗೇ ಇಟ್ಟು ಮರಿ ಮಾಡಿಸುತ್ತಾರೆ. ಹಾಗಾಗಿ ನಿನ್ನ ಕಂದು ಕೋಳಿ ಚೆನ್ನಾಗಿ ಕೂತು, ಚೆನ್ನಾಗಿ ಮರಿ ಸಾಕಿದರೆ, ಅದನ್ನು ಮಾರಬೇಡ, ಹಬ್ಬಕ್ಕೂ ಕೊಯ್ಯಬೇಡ. ಅದರ ಹೆಣ್ಣುಮರಿಗಳಲ್ಲಿ ಎರಡನ್ನಾದರೂ ಉಳಿಸಿಕೋ. ಮೊಟ್ಟೆ ಯಾವ ತಳಿಯದಾದರೂ ಕೊಳ್ಳಬಹುದು, ಕೂರುವ ತಾಯಿ ಅಂಗಡಿಯಲ್ಲಿ ಸಿಗುವುದಿಲ್ಲ.

ಮೊಟ್ಟೆ ಇಟ್ಟ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನನಗೂ ತಿಳಿಸು. ಏಳನೆಯ ರಾತ್ರಿ ಟಾರ್ಚಿನಲ್ಲಿ ಎಷ್ಟು ಗಟ್ಟಿ, ಎಷ್ಟು ಟೊಳ್ಳು ಎಂಬ ಲೆಕ್ಕವನ್ನೂ ಬರೆ. ಅರ್ಧಕ್ಕಿಂತ ಹೆಚ್ಚು ತಿಳಿಯಾಗಿದ್ದರೆ ಕೋಳಿಯನ್ನು ಬೈಯಬೇಡ, ಹುಂಜವನ್ನು ಬದಲಿಸುವ ಮಾತಾಡೋಣ.

ನಿನ್ನ
ಅಕ್ಕ